ಫಿನಾಯಿಲ್ ಚಿಕ್ಕಮ್ಮ ಮತ್ತು ಏಡಿ ತೊಟ್ಟಿಯ ಹುಳಗಳು

ನನ್ನ ಚಿಕ್ಕಮ್ಮನಿಗೆ ಆಸ್ಪತ್ರೆಯವರು ಇಟ್ಟಿದ್ದ ಹೆಸರು ಫಿನಾಯಿಲ್ ಅಕ್ಕ. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಆದರೂ ಅವಳಿಗೆ ಗೊತ್ತಿತ್ತು. ಅವಳಿಗೆ ತಿಳಿಯದೆ ಆ ಆಸ್ಪತ್ರೆಯಲ್ಲಿ ಒಂದು ಬಕೆಟ್ಟು ಕೂಡ ಜಾಗ ಬದಲಿಸುತ್ತಿರಲಿಲ್ಲ.

ವಾರ್ಡುಗಳ ಸ್ವಚ್ಛತೆ ನೋಡಿಕೊಳ್ಳುವವರ ಮೇಲ್ವಿಚಾರಣೆ ಅವಳ ಕೆಲಸ. ಒರೆಸಿದ ನೆಲವನ್ನು ಅವಳು ನೋಡುತ್ತಿರಲಿಲ್ಲ. ನೆಲ ಯಾರು ಬೇಕಾದರೂ ಒರೆಸುತ್ತಾರೆ ಎನ್ನುವುದು ಅವಳ ವಾದ. ಅವಳು ನೇರವಾಗಿ ಹೋಗಿ ಮಂಚದ ಕೆಳಗಿನ ಕಬ್ಬಿಣದ ಪಟ್ಟಿಯ ಒಳಬದಿಗೆ ಬೆರಳಾಡಿಸುತ್ತಿದ್ದಳು, ಸ್ವಿಚ್ಚಿನ ಪೆಟ್ಟಿಗೆಯ ಮೇಲಂಚನ್ನು ಮುಟ್ಟುತ್ತಿದ್ದಳು, ಒಮ್ಮೆ ಮೂಗೆಳೆದುಕೊಂಡು ಸುಮ್ಮನೆ ಯಾರದೋ ಮುಖ ನೋಡುತ್ತಿದ್ದಳು. ಆ ನೋಟಕ್ಕೇ ಅರ್ಧ ಜನ ಮತ್ತೊಂದು ಸಲ ಪೊರಕೆ ಹಿಡಿಯುತ್ತಿದ್ದರು.

ಅನುಮಾನ ಅವಳಿಗೆ ಹುಟ್ಟುಗುಣವೋ ಕಲಿತದ್ದೋ ಹೇಳಲಾರೆ. ಅದು ಗಟ್ಟಿಯಾಗಿ ಬೇರೂರಿದ್ದು ಮಾತ್ರ ಒಂದು ಘಟನೆಯಿಂದ. ಹೆರಿಗೆ ವಾರ್ಡಿನಲ್ಲಿ ಒಬ್ಬರಾದ ಮೇಲೊಬ್ಬರಿಗೆ ಸೋಂಕು ಬರತೊಡಗಿದಾಗ, ಎಲ್ಲರೂ ನೀರನ್ನೋ ನೊಣವನ್ನೋ ದೂರುತ್ತಿದ್ದರು. ಚಿಕ್ಕಮ್ಮ ಮಾತ್ರ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದಳು. ನೀರಿಗೆ ಫಿನಾಯಿಲ್ ಬಿದ್ದರೆ ಹಾಲಿನ ಹಾಗೆ ಬೆಳ್ಳಗಾಗಬೇಕು. ಇದು ಅಕ್ಕಿ ತೊಳೆದ ನೀರಿನಂತೆ ತೆಳ್ಳಗಿತ್ತು. ಉಗ್ರಾಣದವನು ಕ್ಯಾನುಗಳಿಗೆ ನೀರು ಬೆರೆಸುತ್ತಿದ್ದ. ಅವನು ಸಿಕ್ಕಿಬಿದ್ದ, ಸೋಂಕು ನಿಂತಿತು. ಅಂದಿನಿಂದ ಚಿಕ್ಕಮ್ಮನಿಗೆ ಅನುಮಾನವೇ ಕುಲದೇವರಾಯಿತು.

ಆ ದೇವರು ಕೈಬಿಟ್ಟದ್ದೂ ಉಂಟು. ಅವಳನ್ನು ನೋಡಲು ಬಂದ ಗಂಡೊಬ್ಬ ಒಳ್ಳೆಯ ಗಡಿಯಾರ ಕಟ್ಟಿಕೊಂಡಿದ್ದನಂತೆ. ಗಡಿಯಾರ ಸರಿಸಿದಾಗ ಕೆಳಗೆ ಬಿಳಿಚಿದ ಗುರುತಿರಲಿಲ್ಲ. "ಎರವಲು ಗಡಿಯಾರ. ಇವತ್ತು ಗಡಿಯಾರ, ನಾಳೆ ಇನ್ನೇನೋ" ಅಂದು ಬೇಡವೆಂದಳು. ಅದು ಅವನ ತೀರಿಹೋದ ಅಪ್ಪನದು, ಆ ದಿನಕ್ಕೆಂದೇ ಮೊದಲ ಸಲ ಕಟ್ಟಿಕೊಂಡದ್ದು ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಅವನಿಗೆ ಬೇರೆ ಮದುವೆಯಾಗಿತ್ತು. ಚಿಕ್ಕಮ್ಮ ಮದುವೆಯ ಮಾತನ್ನು ಅಲ್ಲಿಗೇ ಬಿಟ್ಟಳು.

ನಿವೃತ್ತಿಯಾದ ಮೇಲೆ ಅವಳು ನಮ್ಮ ಅಪ್ಪ ಅಮ್ಮ ಇದ್ದ ಕಟ್ಟಡಕ್ಕೇ ಬಂದಳು. ಒಂದೇ ಮಹಡಿ, ಎದುರುಬದುರು ಬಾಗಿಲು. ಅಮ್ಮನಿಗೆ ಕಾಯಿಲೆ ಜೋರಾದಾಗ ನಮ್ಮ ಮನೆಯ ಒಂದು ಕೀಲಿ ಅವಳ ಹತ್ತಿರ ಸೇರಿತು. ಅಮ್ಮ ಹೋದ ಮೇಲೂ ಅದು ಅವಳ ಹತ್ತಿರವೇ ಉಳಿಯಿತು. ವಾಪಸ್ಸು ಕೇಳಬೇಕೆಂದು ಅಪ್ಪನಿಗೂ ತೋಚಲಿಲ್ಲ, ಕೊಡಬೇಕೆಂದು ಅವಳಿಗೂ ತೋಚಲಿಲ್ಲ.

ಅಮ್ಮ ಬಿಟ್ಟುಹೋದದ್ದರಲ್ಲಿ ಎರಡು ಏಡಿಗಳೂ ಇದ್ದವು. ಖಾಲಿ ಶಂಖದೊಳಗೆ ಮೈತೂರಿಸಿಕೊಂಡು, ಬೆಳೆದ ಹಾಗೆ ಮನೆ ಬದಲಿಸುತ್ತಾ ಬದುಕುವ ಸನ್ಯಾಸಿ ಏಡಿಗಳು. ಯಾರೋ ಮನೆ ಖಾಲಿ ಮಾಡುವಾಗ ಗಾಜಿನ ತೊಟ್ಟಿಯ ಸಮೇತ ಕೊಟ್ಟುಹೋಗಿದ್ದರು. ಹಾಸಿಗೆ ಹಿಡಿದ ಮೇಲೆ ಅಮ್ಮನಿಗೆ ಅವನ್ನು ನೋಡುವುದೇ ಕೆಲಸ. ದೊಡ್ಡದಕ್ಕೆ ಯಜಮಾನ, ಚಿಕ್ಕದಕ್ಕೆ ಸಣ್ಣಿ ಎಂದು ಹೆಸರಿಟ್ಟಿದ್ದಳು. "ಹೆಸರಿಗೆ ಸನ್ಯಾಸಿ, ಬೆನ್ನ ಮೇಲೆ ಮಾತ್ರ ಮನೆ" ಎಂದು ನಗುತ್ತಿದ್ದಳು.

ಲಿಫ್ಟ್ ರಿಪೇರಿ ಮಾಡುವ ಅಪ್ಪನಿಗೆ ತಂತಿ, ಗಾಲಿ, ಮೋಟಾರು ಗೊತ್ತು. ಜೀವದ ವಿಷಯದಲ್ಲಿ ಅವರು ಹೆದರುಪುಕ್ಕಲು. ಏಡಿಗಳು ಹಸಿದಿರಬಹುದೆಂದು ಒಣಸೀಗಡಿ, ಕ್ಯಾರೆಟ್, ಮೊಟ್ಟೆಯ ಚೂರು ಸುರಿಯುತ್ತಲೇ ಹೋದರು. ಏಡಿಗಳಿಗೆ ಬೇಕಾದ ತೇವ, ಬಿಸಿ ಎಲ್ಲಾ ತೊಟ್ಟಿಯೊಳಗಿತ್ತು. ಬೂಸ್ಟಿಗೂ ಬೇಕಾದದ್ದು ಅದೇ. ಕೆಲವೇ ವಾರದಲ್ಲಿ ಮರಳಿನ ಮೇಲೆ ಬಿಳಿ ನೂಲು ಹರಡಿತು, ಮರದ ಕೊರಡಿನ ಮೇಲೆ ಹಸಿರು ಪುಡಿ ಎದ್ದಿತು. ಅಪ್ಪ ಊರಿನ ಇನ್ನೊಂದು ಕಡೆಯ ಸಾಕುಪ್ರಾಣಿ ಅಂಗಡಿಗೆ ಹೋಗಿ ಕೇಳಿಕೊಂಡು ಬಂದರು. ಆಮೇಲೊಂದು ದಿನ ಅಂಗಡಿಯಾಕೆಯೇ ಮನೆಗೆ ಬಂದಳು.

ನನಗೆ ಚಿಕ್ಕಮ್ಮನ ಫೋನು ಬಂದಾಗ ನಾನು ಮುದ್ರಣಾಲಯದಲ್ಲಿ ಪುಸ್ತಕಗಳ ಬೆನ್ನಿಗೆ ಅಂಟು ಹಚ್ಚುತ್ತಿದ್ದೆ.

"ನಿಮ್ಮಪ್ಪನ ಮನೇಲಿ ಏನೋ ನಡೀತಿದೆ ಕಣೇ."

"ಏನು ನಡೀತಿದೆ ಚಿಕ್ಕಮ್ಮ?"

"ಒಬ್ಳು ಬಂದಿದ್ಲು. ಕೂದಲು ಇಷ್ಟೇ ಇಷ್ಟು ಕತ್ತರಿಸ್ಕೊಂಡಿದಾಳೆ. ಕೈಲಿ ಒಂದು ಡಬ್ಬಿ. ಡಬ್ಬಿ ಮುಚ್ಚಳಕ್ಕೆ ತೂತು. ಬರುವಾಗ ಎರಡು ಕೈಲಿ ಹಿಡ್ಕೊಂಡು ಬಂದ್ಲು, ಹೋಗುವಾಗ ಖಾಲಿ ಡಬ್ಬಿ ಬೀಸ್ಕೊಂಡು ಹೋದ್ಲು. ನಗ್ತಾ ಹೋದ್ಲು."

"ನೀನು ಬಾಗಿಲ ತೂತಲ್ಲಿ ನೋಡ್ತಾ ಇದ್ಯಾ?"

"ನೋಡೋಕೆ ತಾನೇ ಬಾಗಿಲಿಗೆ ತೂತು ಇಟ್ಟಿರೋದು!"

ಭಾನುವಾರ ನಾನು ಹೋದಾಗ ಅಂಗಡಿಯಾಕೆಯೂ ಇದ್ದಳು. ಚಿಕ್ಕಮ್ಮ ಆಗಲೇ ಕುರ್ಚಿಯ ಅಂಚಿನಲ್ಲಿ ಕೂತು, ವಾರ್ಡಿನಲ್ಲಿ ನೋಡುತ್ತಿದ್ದ ಹಾಗೆ ಅವಳನ್ನು ನೋಡುತ್ತಿದ್ದಳು. ತೊಟ್ಟಿಯ ಮರಳಿನ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕಿಗಳು ಓಡಾಡುತ್ತಿದ್ದವು. ಊದಿದರೆ ಟಕ್ಕನೆ ನೆಗೆಯುತ್ತಿದ್ದವು. ಎಲೆಗಳ ಕೆಳಗೆ ಬೂದುಬಣ್ಣದ ಹುಳಗಳಿದ್ದವು, ಮುಟ್ಟಿದರೆ ಉಂಡೆಯಾಗುವಂಥವು.

"ಈ ಬಿಳೀವು ಬೂಸ್ಟು ತಿನ್ನುತ್ವೆ" ಎಂದಳು ಅಂಗಡಿಯಾಕೆ. "ಈ ಬೂದುಬಣ್ಣದವು ಕೊಳೆತ ಎಲೆ, ಉಳಿದ ಊಟ, ಹಿಕ್ಕೆ ತಿನ್ನುತ್ವೆ. ತೊಟ್ಟಿ ತಾನೇ ಕ್ಲೀನಾಗಿರುತ್ತೆ. ಏಡಿ ತಂಟೆಗೆ ಹೋಗಲ್ಲ."

"ಹುಳ ಬಿಟ್ಟು ಕ್ಲೀನ್ ಮಾಡೋದನ್ನ ನಾನು ಎಲ್ಲೂ ಕೇಳಿಲ್ಲಮ್ಮ. ನಾವೆಲ್ಲ ಹುಳ ಇರೋ ಕಡೆ ಕ್ಲೀನ್ ಮಾಡಿದವರು."

"ಕಾಡಲ್ಲಿ ಯಾರಕ್ಕ ಗುಡಿಸ್ತಾರೆ? ಇವೇ ತಾನೆ?"

"ಹಿಕ್ಕೆ ತಿನ್ನೋ ಬಾಯಿ ನಾಳೆ ಏಡೀನೇ ತಿಂದ್ರೆ? ಹಾಲು ಕಾಯೋಕೆ ಬೆಕ್ಕನ್ನ ಕೂರಿಸಿದ ಹಾಗಾಯ್ತು."

ಅಪ್ಪ ಕೆಮ್ಮಿ, "ನೋಡೋಣ ಬಿಡಮ್ಮ" ಎಂದರು. ಅಂಗಡಿಯಾಕೆಗೆ ಟೀ ಬಗ್ಗಿಸಿದರು. ಅವಳಿಗೆ ಸಕ್ಕರೆ ಎಷ್ಟು ಎಂದು ಕೇಳಲಿಲ್ಲ. ಚಿಕ್ಕಮ್ಮ ನನ್ನ ಕಡೆ ತಿರುಗಿ ಹುಬ್ಬೇರಿಸಿದಳು.

ಅಂಗಡಿಯಾಕೆ ಹೇಳಿದ ಮಾತನ್ನು ಹುಳಗಳು ನಡೆಸಿಕೊಟ್ಟವು. ಬಿಳಿ ನೂಲು ಹರಿದುಹರಿದು ಮಾಯವಾಯಿತು, ಕೊರಡು ತನ್ನ ಬಣ್ಣಕ್ಕೆ ಬಂತು, ಮುಚ್ಚಳ ತೆಗೆದರೆ ಮಳೆ ಬಿದ್ದ ಮಣ್ಣಿನ ವಾಸನೆ. ಅಪ್ಪ ಮಗುವಿನಂತೆ ಖುಷಿಪಟ್ಟರು. ಚಿಕ್ಕಮ್ಮನ ಅನುಮಾನ ಮಾತ್ರ ಇನ್ನೂ ಹೆಚ್ಚಾಯಿತು. "ನಮ್ಮ ವಾರ್ಡಲ್ಲಿ ಒಬ್ಬ ಹೀಗೇ, ಹೇಳದೇನೇ ಮೂಲೆಮೂಲೆ ಉಜ್ಜೋನು. ರೋಗಿಗಳ ದಿಂಬಿನ ಕೆಳಗೆ ಕೈ ಹಾಕೋಕೆ ಅದು ನೆಪ" ಎಂದಳು.

ಅದಾದ ಸ್ವಲ್ಪ ದಿನಕ್ಕೆ ಯಜಮಾನ ಕಾಣೆಯಾದ.

ಮರಳಿನ ಒಂದು ಮೂಲೆಯಲ್ಲಿ ಮಣ್ಣು ಕೆದರಿತ್ತು, ಅಷ್ಟೇ. ಅಂಗಡಿಯಾಕೆ ಬಂದು ನೋಡಿ, ಪೊರೆ ಬಿಡಲು ಒಳಗೆ ಹೋಗಿದ್ದಾನೆ ಎಂದಳು. ಹಳೆಯ ಚಿಪ್ಪು ಕಳಚಿ ಹೊಸ ಮೈ ಗಟ್ಟಿಯಾಗುವವರೆಗೆ ಹೊರಗೆ ಬರುವುದಿಲ್ಲ. ದೊಡ್ಡ ಏಡಿಗೆ ತಿಂಗಳುಗಳೇ ಆಗಬಹುದು. "ಆದ್ರೆ ಒಂದು ಮಾತು. ಯಾವ ಕಾರಣಕ್ಕೂ ಅಗೀಬೇಡಿ. ಈಗ ಅವನ ಮೈ ಬೆಣ್ಣೆ ಥರ. ಮುಟ್ಟಿದ್ರೆ ಸತ್ತೇ ಹೋಗ್ತಾನೆ."

ಆಕೆ ಹೋದ ಕೂಡಲೇ ನನಗೆ ಫೋನು.

"ನೋಡಿದ್ಯಾ? ಅಗೀಬೇಡಿ ಅಂತೆ! ಉಗ್ರಾಣದೋನೂ ಹಾಗೇ ಹೇಳ್ತಿದ್ದ, ಕ್ಯಾನ್ ಅಲ್ಲಾಡಿಸಬೇಡಿ, ಔಷಧ ಕೆಡುತ್ತೆ ಅಂತ."

"ಸತ್ತಿದ್ರೆ ವಾಸನೆ ಬರಲ್ವಾ ಚಿಕ್ಕಮ್ಮ? ನಿನ್ನ ಮೂಗಿಗೆ ಗೊತ್ತಾಗಲ್ವಾ?"

"ಅಲ್ಲೇ ಇರೋದು ಮೋಸ. ಹೆಣಾನೂ ತಿನ್ನೋ ಹುಳ ಇದ್ರೆ ವಾಸನೆ ಎಲ್ಲಿಂದ ಬರಬೇಕು? ಕೊಲೆಗಾರನೇ ನೆಲ ಒರೆಸ್ತಿದಾನೆ!"

ನಿಜ ಹೇಳಬೇಕೆಂದರೆ, ಆ ರಾತ್ರಿ ಊಟ ಮಾಡುವಾಗ ನನಗೂ ಸ್ವಲ್ಪ ಕಸಿವಿಸಿಯಾಯಿತು.

ಮುಂದೆ ನಡೆದದ್ದು ನನಗೆ ತಿಳಿದದ್ದು ಆಮೇಲೆ. ಒಂದು ಮಧ್ಯಾಹ್ನ ಅಪ್ಪ ಮತ್ತು ಅಂಗಡಿಯಾಕೆ ತೊಟ್ಟಿಗೆ ಹಾಕಲು ಒಣಎಲೆ ಆರಿಸಿಕೊಂಡು ಬರಲು ಉದ್ಯಾನಕ್ಕೆ ಹೋದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಎಲೆ ಆರಿಸಲು ಇಸ್ತ್ರಿ ಅಂಗಿ! ಚಿಕ್ಕಮ್ಮ ಬಾಗಿಲ ತೂತಿನಿಂದ ಇಬ್ಬರೂ ಲಿಫ್ಟಿಗೆ ಹತ್ತುವುದನ್ನು ನೋಡಿ, ಕೀಲಿ ತೆಗೆದುಕೊಂಡು ಒಳಗೆ ಹೋದಳು. ಗಾಜಿಗೆ ಕೆನ್ನೆ ಒತ್ತಿ ಟಾರ್ಚು ಬಿಟ್ಟಳು. ತಳದ ಮೂಲೆಯಲ್ಲಿ ಸಣ್ಣದೊಂದು ಗುಹೆ. ಅದರಲ್ಲಿ ನಸುಗೆಂಪು ಬಣ್ಣದ ಒಂದು ಕಾಲು, ಅಲುಗಾಡದೆ. ಅದರ ಪಕ್ಕದಲ್ಲೇ ಬಿಳಿ ಚುಕ್ಕಿಗಳು.

ಅವಳ ಕೈಗೆ ಅಭ್ಯಾಸವಾಗಿದ್ದ ಕೆಲಸವನ್ನು ಕೈ ಮಾಡಿತು. ಫಿನಾಯಿಲ್ ಅಲ್ಲ; ಅದರ ವಾಸನೆ ಅಪ್ಪನಿಗೆ ಗೊತ್ತಾಗುತ್ತದೆ. ಆಪರೇಷನ್ ಕೋಣೆಗೆ ಬಳಸುತ್ತಿದ್ದ, ವಾಸನೆಯೇ ಇಲ್ಲದ ಔಷಧ ಅವಳ ಸ್ನಾನದ ಮನೆಯಲ್ಲಿತ್ತು. ನೀರಿಗೆ ಬೆರೆಸಿ, ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿಗೆ ತುಂಬಿ, ಮರಳಿನ ಮೇಲೆ, ಎಲೆಗಳ ಮೇಲೆ, ಕೊರಡಿನ ಮೇಲೆ ಹೊಡೆದಳು. ನೀರಿನ ಬಟ್ಟಲಿಗೆ ಬೀಳದಂತೆ ಅಂಗೈ ಅಡ್ಡ ಹಿಡಿದಳಂತೆ. ಸಣ್ಣಿಯನ್ನು ಎತ್ತಿ ಪಕ್ಕಕ್ಕಿಟ್ಟು, ಕೆಲಸ ಮುಗಿದ ಮೇಲೆ ಮತ್ತೆ ಬಿಟ್ಟಳಂತೆ.

ಹುಳ ಸತ್ತವು. ತಿನ್ನುವವರಿಲ್ಲದೆ ಬೂಸ್ಟು ಮೊದಲಿಗಿಂತ ಜೋರಾಗಿ ಎದ್ದಿತು. ಸೀಗಡಿ ಚೂರು ಕೊಳೆತು ಮನೆಯೆಲ್ಲಾ ನಾರತೊಡಗಿತು. ಸಣ್ಣಿ ಶಂಖದಿಂದ ಅರ್ಧ ಹೊರಗೆ ಜೋತುಬಿದ್ದು, ಮುಟ್ಟಿದರೂ ಒಳಗೆ ಸೇರದಾಯಿತು. ಅಪ್ಪನಿಗೆ ತಲೆಕೆಟ್ಟಿತು. ಅಂಗಡಿಯಾಕೆ ಎಲೆಯ ಚೀಲ ಹಿಡಿದು ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು.

"ಏನು ಹುಳ ಕೊಟ್ರಿ ನೀವು? ಅವಳಿದ್ದಾಗ ಎಷ್ಟು ಚೆನ್ನಾಗಿದ್ವು. ನನ್ನ ಹೆಂಡತಿ ನೆನಪಿಗೆ ಅಂತ ಇದ್ದದ್ದು ಇವೆರಡು."

"ನನ್ನ ಹುಳ ಹೀಗೆ ಒಟ್ಟಿಗೆ ಸಾಯಲ್ಲ. ಒಳಗೆ ಏನೋ ಬಿದ್ದಿದೆ. ಯಾರಾದ್ರೂ ಏನಾದ್ರೂ ಹಾಕಿದ್ರಾ?"

"ಈ ಮನೇಲಿ ನನ್ನ ಬಿಟ್ಟು ಯಾರಿದಾರೆ? ನಾನೇ ವಿಷ ಹಾಕಿದೆ ಅಂತೀರಾ?"

ಅಂಗಡಿಯಾಕೆ ಎಲೆಯ ಚೀಲವನ್ನು ಹೊಸ್ತಿಲ ಹೊರಗಿಟ್ಟು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದಳು. ಎದುರು ಬಾಗಿಲ ತೂತಿನ ಹಿಂದೆ ಚಿಕ್ಕಮ್ಮ ನಿಂತಿದ್ದಳು.

ಅವಳಿಗೆ ಬೇಕಾದದ್ದು ಇದೇ ಆಗಿತ್ತು. ಹುಳವೂ ಹೋಯಿತು, ಹುಳ ತಂದವಳೂ ಹೋದಳು. ಆದರೆ ಆ ವಾರ ಅವಳಿಂದ ನನಗೆ ಒಂದು ಫೋನೂ ಬರಲಿಲ್ಲ. ನಾನೇ ಮಾಡಿದರೆ, "ಏನಿಲ್ಲ, ತಲೆನೋವು" ಎಂದು ಇಟ್ಟಳು. ಅಪ್ಪ ಫೋನಿನಲ್ಲಿ ಹೇಳಿದಂತೆ ಎದುರುಮನೆಯಲ್ಲಿ ಇಷ್ಟೆಲ್ಲ ರಾದ್ಧಾಂತವಾಗಿರುವಾಗ ಚಿಕ್ಕಮ್ಮನ ಬಾಯಿ ಮುಚ್ಚಿದೆಯೆಂದರೆ! ಅವಳ ಜೊತೆ ಇದ್ದು ಇದ್ದು ನನಗೂ ಅವಳ ಗುಣ ಅಂಟಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕೇಳಿದ್ದೆ. ಇವಳು ಯಾರೂ ಏನೂ ಅನ್ನುವ ಮೊದಲೇ ಹೆಗಲು ಮುಚ್ಚಿಕೊಂಡು ಕೂತಂತಿತ್ತು.

ಭಾನುವಾರ ಹೋದೆ. ಅಪ್ಪ ತೊಟ್ಟಿಯ ಮುಂದೆ ತೋಳೇರಿಸಿ ನಿಂತಿದ್ದರು. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಕೈಯಲ್ಲಿ ಸೌಟು.

"ಎಲ್ಲಾ ಖಾಲಿ ಮಾಡ್ತೀನಿ. ಮರಳು ಬಿಸಾಕಿ ತೊಟ್ಟಿ ತೊಳೀತೀನಿ. ಅವನು ಇಷ್ಟು ಹೊತ್ತಿಗೆ ಸತ್ತಿದಾನೆ, ಹೆಣ ಇಟ್ಕೊಂಡು ಏನು ಮಾಡ್ಲಿ?"

ಸೌಟು ಮರಳಿಗೆ ಇಳಿಯಿತು. ಬಾಗಿಲಲ್ಲಿ ಸದ್ದಾಯಿತು. ಚಿಕ್ಕಮ್ಮ ನಿಂತಿದ್ದಳು, ಚಪ್ಪಲಿಯಿಲ್ಲದೆ. ಚಪ್ಪಲಿ ಇಲ್ಲದೆ ಅವಳು ತನ್ನ ಮನೆಯ ಅಡುಗೆಕೋಣೆಗೂ ಹೋಗುವವಳಲ್ಲ.

"ಬೇಡ ಭಾವ. ಅಗೀಬೇಡಿ."

"ನೀನೇ ತಾನೆ ಹೇಳ್ತಿದ್ದೆ, ಸತ್ತಿದಾನೆ, ಹುಳ ತಿಂದಿದೆ ಅಂತ?"

"ಹುಳ ಏನೂ ಮಾಡಿಲ್ಲ. ನಿನ್ನೆ ಗಾಜಲ್ಲಿ ನೋಡ್ದೆ. ಕಾಲು ಬೇರೆ ಕಡೆ ಇತ್ತು. ಮೊದಲು ನೋಡಿದಾಗ ಈ ಕಡೆ ಇತ್ತು. ಅವನು ಬದುಕಿದಾನೆ."

"ನಿನ್ನೆ ನಾನು ಮನೇಲಿರಲಿಲ್ಲ." ಅಪ್ಪ ನಿಧಾನವಾಗಿ ತಿರುಗಿದರು. "ಮೊದಲು ನೋಡಿದ್ದು ಯಾವಾಗ?"

ಚಿಕ್ಕಮ್ಮ ಸುತ್ತಿಬಳಸಲಿಲ್ಲ. ಔಷಧದ ಹೆಸರು, ಎಷ್ಟು ನೀರಿಗೆ ಎಷ್ಟು, ಎಲ್ಲೆಲ್ಲಿ ಹೊಡೆದದ್ದು, ಎಲ್ಲವನ್ನೂ ಹೇಳಿದಳು. ಹೇಳುವಾಗ ಅಪ್ಪನ ಮುಖ ನೋಡಲಿಲ್ಲ, ಸೌಟನ್ನೇ ನೋಡುತ್ತಿದ್ದಳು. "ಅವಳ ಮೇಲೆ ನೀವು ರೇಗಿದಾಗ ಬಾಗಿಲು ತೆಗೀಬೇಕು ಅಂತ ಚಿಲಕದ ಮೇಲೆ ಕೈ ಇಟ್ಟಿದ್ದೆ. ತೆಗೀಲಿಲ್ಲ."

ಅಪ್ಪ ಒಲೆ ಆರಿಸಿದರು. ನಂತರ ಅವರು, "ಕೀಲಿ ಇಟ್ಟು ಹೋಗು" ಎಂದರು. ಏರಿದ ದನಿಯಲ್ಲ. ಚಿಕ್ಕಮ್ಮ ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ಮೇಜಿನ ಮೇಲಿಟ್ಟು ಹೋದಳು.

ಮಾರನೆಯ ದಿನ ಅವಳು ಒಬ್ಬಳೇ ಎರಡು ಬಸ್ಸು ಬದಲಿಸಿ ಅಂಗಡಿಗೆ ಹೋದಳು. ಅಂಗಡಿಯಾಕೆ ಮೀನಿನ ತೊಟ್ಟಿಗೆ ನೀರು ಬದಲಿಸುತ್ತಿದ್ದಳು. ಚಿಕ್ಕಮ್ಮ ಅಲ್ಲೂ ಎಲ್ಲವನ್ನೂ ಹೇಳಿ, ಮತ್ತೆ ಹುಳ ಬೇಕು ಎಂದಳು.

"ಯಾಕಕ್ಕ, ಇನ್ನೊಂದು ಸಲ ಕೊಲ್ಲೋಕಾ?"

"ಇಲ್ಲ."

"ನಾನು ಹೇಗೆ ನಂಬಲಿ?"

ಚಿಕ್ಕಮ್ಮನಿಗೆ ಆ ಪ್ರಶ್ನೆ ಹೊಸದಾಗಿತ್ತು. ಕೇಳಿ ಅಭ್ಯಾಸವಿತ್ತೇ ಹೊರತು ಕೇಳಿಸಿಕೊಂಡು ಅಭ್ಯಾಸವಿರಲಿಲ್ಲ. "ನಂಬಬೇಡಿ" ಎಂದಳಂತೆ. "ನೀವೇ ಬಂದು ಹಾಕಿ. ನಾನು ಮುಟ್ಟಲ್ಲ, ದೂರ ನಿಂತು ನೋಡ್ತೀನಿ."

ಅಂಗಡಿಯಾಕೆ ತಕ್ಷಣ ಒಪ್ಪಲಿಲ್ಲ. ಅಪ್ಪ ಫೋನು ಮಾಡಿ ತಪ್ಪಾಯಿತು ಎಂದ ಮೇಲೆ ಬಂದಳು. ಮೇಲಿನ ಮರಳನ್ನು ಪದರಪದರವಾಗಿ ಚಮಚದಲ್ಲಿ ತೆಗೆದಳು. ಯಜಮಾನನಿದ್ದ ಮೂಲೆಯನ್ನು ಮುಟ್ಟಲೇ ಇಲ್ಲ. ಸಣ್ಣಿಯನ್ನು ಹದವಾದ ನೀರಿನಲ್ಲಿ ಅದ್ದಿ, ಬೇರೆ ಪೆಟ್ಟಿಗೆಯಲ್ಲಿಟ್ಟಳು. ಚಿಕ್ಕಮ್ಮ ಹೇಳಿದಂತೆ ದೂರ ನಿಂತಿದ್ದಳು, ಆದರೆ ಬಾಯಿ ದೂರ ನಿಲ್ಲಲಿಲ್ಲ.

"ಆ ಎಲೆ ಎಲ್ಲಿಂದ ತಂದ್ರಿ? ಔಷಧ ಹೊಡೆದ ಮರ ಅಲ್ಲ ತಾನೆ? ಕುದಿಸಿದ್ರಾ?"

"ಕುದಿಸಿದೀನಿ."

"ಎಷ್ಟು ಹೊತ್ತು?"

ಅಂಗಡಿಯಾಕೆ ಮೊದಲ ಸಲ ಅವಳ ಕಡೆ ನೋಡಿ ನಕ್ಕಳು. "ಅಕ್ಕ, ನಿಮ್ಮಂಥೋರು ಒಬ್ರು ನನ್ನ ಅಂಗಡೀಲಿ ಇರಬೇಕಿತ್ತು."

ಅವತ್ತು ಅವಳು ಭೂತಗನ್ನಡಿ ಕೊಟ್ಟು ಚಿಕ್ಕಮ್ಮನಿಗೆ ತೋರಿಸಿದಳು: ಇವು ಮರಳಿನ ಮೇಲಿರುವ ನೆಗೆಯುವ ಹುಳ, ಒಳ್ಳೆಯವು; ಏಡಿಯ ಮೈಗೆ, ಕೀಲಿನ ಸಂದಿಗೆ ಕಚ್ಚಿಕೊಂಡು ನೆಗೆಯದೆ ತೆವಳುವಂಥವು ಸಿಕ್ಕರೆ ಕೆಟ್ಟವು. ಎಲ್ಲವೂ ಒಂದೇ ಅಲ್ಲ. ಚಿಕ್ಕಮ್ಮ ಬಹಳ ಹೊತ್ತು ಭೂತಗನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಮನೆಗೆ ಹೋಗುವಾಗ ಒಂದು ಚಿಟಿಕೆ ಹುಳ ಬೇಡಿ ತೆಗೆದುಕೊಂಡು, ಉಪ್ಪಿನಕಾಯಿ ಹಾಕುವ ಗಾಜಿನ ಜಾಡಿಯಲ್ಲಿ ಇದ್ದಿಲು ಚೂರಿನ ಮೇಲೆ ಸಾಕತೊಡಗಿದಳು. ಬೂಸ್ಟು ಹಿಡಿದ ಬ್ರೆಡ್ಡಿನ ತುಣುಕು ಹಾಕುವುದು, ಅದು ಕರಗುವುದನ್ನು ನೋಡುವುದು. "ಅಂತೂ ನಂಬಿಕೆ ಬಂತಾ?" ಎಂದು ಕೇಳಿದೆ.

"ನಂಬಿಕೆ ಇಲ್ದೇ ಇರೋದಕ್ಕೇ ಸಾಕ್ತಿರೋದು. ಕಣ್ಣೆದುರೇ ಇರ್ಲಿ" ಎಂದಳು. ಆಮೇಲೆ ಸ್ವಲ್ಪ ತಡೆದು, "ಕೆಲಸ ಮಾತ್ರ ಒಳ್ಳೇದು ಕಣೆ. ಮೂಲೆ ಬಿಡಲ್ಲ" ಎಂದಳು. ಅವಳ ಬಾಯಿಂದ ಅಂಥ ಪ್ರಮಾಣಪತ್ರ ಪಡೆದ ಮನುಷ್ಯರನ್ನು ನಾನು ಕಂಡಿಲ್ಲ.

ಸಣ್ಣಿ ಉಳಿಯಲಿಲ್ಲ. ಅಂಗಡಿಯಾಕೆಯ ಪೆಟ್ಟಿಗೆಯಲ್ಲೇ ಸತ್ತಳು. ಔಷಧದಿಂದಲೋ ಕೊಳೆತದ್ದು ತಿಂದೋ ಗೊತ್ತಿಲ್ಲ ಎಂದಳು ಅಂಗಡಿಯಾಕೆ. ಚಿಕ್ಕಮ್ಮ, "ನನ್ನಿಂದ" ಎಂದು ಅಷ್ಟೇ ಹೇಳಿದಳು. ಅದರ ಬಗ್ಗೆ ಅಪ್ಪ ಅವಳಿಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ಅವಳು ನನ್ನ ಹತ್ತಿರ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅಮ್ಮ ಹೋದಾಗ ಮತ್ತು ಆವತ್ತು.

ಯಜಮಾನ ಬಂದದ್ದು ನಾವೆಲ್ಲ ಕಾಯುವುದನ್ನು ಬಿಟ್ಟ ಮೇಲೆ. ಒಂದು ಬೆಳಿಗ್ಗೆ ಅಪ್ಪ ಟೀ ಹಿಡಿದು ಬಂದು ನೋಡಿದರೆ, ನೀರಿನ ಬಟ್ಟಲ ಪಕ್ಕ ಕೂತಿದ್ದಾನೆ. ಮೈಬಣ್ಣ ಗಾಢವಾಗಿತ್ತು, ದೊಡ್ಡ ಕೊಂಡಿ ಹೊಳೆಯುತ್ತಿತ್ತು, ಹಳೆಯ ಶಂಖದಲ್ಲಿ ಮೈ ಹಿಡಿಸದಷ್ಟು ದಪ್ಪವಾಗಿದ್ದ. ಅಪ್ಪ ಬಾಗಿಲು ತೆರೆದು, ಅಮ್ಮ ಹೋದ ಮೇಲೆ ಮೊದಲ ಸಲ, ಗಟ್ಟಿಯಾಗಿ ಕೂಗಿದರು: "ಏಯ್, ಬಂದ! ಬಾ ನೋಡು, ಬಂದ!"

ಚಿಕ್ಕಮ್ಮ ಬಂದಳು. ಬಗ್ಗಿದಳು. ಎಡಗಡೆಯಿಂದ ನೋಡಿದಳು, ಬಲಗಡೆಯಿಂದ ನೋಡಿದಳು.

"ಶಂಖ ಹಳೇದೇ" ಎಂದಳು. "ಒಳಗಿರೋನು ಅವನೇ ಅಂತ ಏನು ಗ್ಯಾರಂಟಿ? ಅವಳ ಅಂಗಡೀಲಿ ಏಡಿಗೇನು ಬರವೇ?"

ಅಪ್ಪ ನಕ್ಕರು. ಎಷ್ಟು ನಕ್ಕರೆಂದರೆ ಟೀ ಚೆಲ್ಲಿತು. ನಗು ನಿಂತ ಮೇಲೆ, ಕೂತ್ಕೋ ಎಂದು ಅವಳಿಗೆ ಕುರ್ಚಿ ಎಳೆದರು.

ಅಪ್ಪನಿಗೂ ಅಂಗಡಿಯಾಕೆಗೂ ನಡುವೆ ಏನಿದೆ ಎಂದು ನಾನು ಕೇಳಿಲ್ಲ. ಅವರು ಈಗಲೂ ಎಲೆ ಆರಿಸಲು ಹೋಗುತ್ತಾರೆ, ಅಷ್ಟೊಂದು ಎಲೆ ಆ ತೊಟ್ಟಿಗೆ ಬೇಕಿಲ್ಲ ಎನ್ನುವುದು ನನಗೂ ಗೊತ್ತು. ಚಿಕ್ಕಮ್ಮನಿಗಂತೂ ಖಾತ್ರಿ. "ನಾನು ಮೊದಲ ದಿನವೇ ಹೇಳಿರಲಿಲ್ವಾ?" ಎನ್ನುತ್ತಾಳೆ. ಅದರಲ್ಲಿ ಬೇಸರಕ್ಕಿಂತ ಗೆದ್ದ ಸಮಾಧಾನವೇ ಜಾಸ್ತಿ.

ವಾರಕ್ಕೆರಡು ಮಧ್ಯಾಹ್ನ ಅವಳು ಆ ಅಂಗಡಿಯಲ್ಲಿ ಕೂರುತ್ತಾಳೆ. ಎಲೆ ಕುದಿಸುವುದು, ಹುಳದ ಡಬ್ಬಿಗಳನ್ನು ತೆರೆದು ಮೂಸುವುದು ಅವಳ ಪಾಲಿನ ಕೆಲಸ. ಮೊನ್ನೆ ನಾನು ಹೋದಾಗ ಒಬ್ಬ ಗಿರಾಕಿ ಹುಳದ ಡಬ್ಬಿ ಕೇಳಿಕೊಂಡು ಬಂದಿದ್ದ. ಒಳ್ಳೆಯ ಬಟ್ಟೆ, ನಯದ ಮಾತು. ಚಿಕ್ಕಮ್ಮ ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಮನೇಲಿ ನೆಲ ಒರೆಸೋಕೆ ಏನು ಬಳಸ್ತೀರಿ?" ಎಂದು ಕೇಳಿದಳು. "ಕೀಲಿ ಬೇರೆ ಯಾರ ಹತ್ತಿರ ಇದೆ?"